ಹೋಟೆಲ್ ಬಿಲ್ಲು ಯಾರ ಲೆಕ್ಕಕ್ಕೆ? ಇಂಗ್ಲೆಂಡಿನ ಕೌನ್ಸಿಲ್‌ಗಳ ಖರ್ಚು ಕೇಳಿ ಕಟ್ಟಿದ ಕೋಷ್ಟಕ

ಇಂಗ್ಲೆಂಡಿನಲ್ಲಿ ಆಶ್ರಯ ಕೋರಿ ಬಂದವರನ್ನು ಇರಿಸಿರುವ ಹೋಟೆಲಿನ ಬಿಲ್ಲನ್ನು ಆ ಊರಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ ಸಂಸ್ಥೆ, ಕಟ್ಟುವುದಿಲ್ಲ. ಕಟ್ಟುವುದು ಹೋಮ್ ಆಫೀಸ್, ಅಂದರೆ ಕೇಂದ್ರದ ಗೃಹ ಇಲಾಖೆ. ಇದು ಗೊತ್ತಿಲ್ಲದೆ ಕೌನ್ಸಿಲ್‌ಗೆ ಮಾಹಿತಿ ಕೇಳಿ ಬರೆದರೆ ‘ಈ ಮಾಹಿತಿ ನಮ್ಮಲ್ಲಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಉತ್ತರ ನಿಜವೇ. ಆದರೆ ಕೇಳಿದವರು ಅದನ್ನು ‘ಏನೋ ಮುಚ್ಚಿಡುತ್ತಿದ್ದಾರೆ’ ಎಂದು ಓದಿಕೊಳ್ಳುತ್ತಾರೆ, ಹತ್ತು ಜನರಿಗೆ ಹೇಳುತ್ತಾರೆ. ಗ್ರಂಥಾಲಯದ ಸಮಯ ಕಡಿತವಾದದ್ದಕ್ಕೆ, ರಸ್ತೆಯ ಗುಂಡಿ ಮುಚ್ಚದೆ ಉಳಿದದ್ದಕ್ಕೆ ಆಶ್ರಯಾರ್ಥಿಗಳೇ ಕಾರಣ ಎಂಬ ಮಾತು ನಮ್ಮ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಬಂದಾಗ ನಾನು ಲೆಕ್ಕವನ್ನೇ ಕೇಳಿ ನೋಡಲು ಹೊರಟೆ. ಲೆಕ್ಕಪತ್ರ ನನ್ನ ಹೊಟ್ಟೆಪಾಡು. ಕೌನ್ಸಿಲ್ ತೆರಿಗೆ ನಾನೂ ಕಟ್ಟುತ್ತೇನೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ನನಗಿದೆ. ಮಾಡದ ಖರ್ಚಿನ ಆರೋಪ ತಲೆಯ ಮೇಲೆ ಬೀಳದಿರುವ ಹಕ್ಕು ಆ ಹೋಟೆಲಿನಲ್ಲಿ ಇರುವವರಿಗೂ ಇದೆ.

ಕಟ್ಟಬೇಕಾದದ್ದು ಒಂದು ಕೋಷ್ಟಕ. ನಮ್ಮ ಕೌಂಟಿ ಮತ್ತು ಅಕ್ಕಪಕ್ಕದ ಕೌನ್ಸಿಲ್‌ಗಳು, 2021-22ರಿಂದ 2023-24ರ ತನಕ ಮೂರು ಹಣಕಾಸು ವರ್ಷಗಳು. ಇಲ್ಲಿಯೂ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಪ್ರತಿ ಸಾಲಿಗೆ ಒಟ್ಟು ಖರ್ಚು, ಅದಕ್ಕೆ ಕೇಂದ್ರದಿಂದ ಬಂದ ಅನುದಾನ, ಕೌನ್ಸಿಲ್ ತನ್ನ ಕೈಯಿಂದ ಹಾಕಿದ ಉಳಿಕೆ. ಮೂರನೆಯ ಕಾಲಂ ಸಿಗದಿದ್ದರೆ ಮೊದಲನೆಯದು ಸಿಕ್ಕಿಯೂ ಪ್ರಯೋಜನವಿಲ್ಲ. ಒಟ್ಟು ಖರ್ಚನ್ನು ಮಾತ್ರ ಎತ್ತಿ ತೋರಿಸುವ ಸುದ್ದಿಗಳೇ ಜಗಳಕ್ಕೆ ಬೀಜ.

ಪತ್ರಕ್ಕೆ ಮುನ್ನ: ಯಾರು ಯಾವುದಕ್ಕೆ ಕೊಡುತ್ತಾರೆ

1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ಸೆಕ್ಷನ್ 95 ಮತ್ತು 98ರ ಪ್ರಕಾರ ವಯಸ್ಕರಿಗೂ ಕುಟುಂಬಗಳಿಗೂ ವಸತಿ, ಕೈಖರ್ಚು ಕೊಡುವ ಹೊಣೆ ಹೋಮ್ ಆಫೀಸಿನದು. ಕೈಖರ್ಚು ಎಂದರೆ 2024ರ ಜನವರಿಯಲ್ಲಿ ತಾವೇ ಅಡುಗೆ ಮಾಡಿಕೊಳ್ಳುವವರಿಗೆ ವಾರಕ್ಕೆ 49.18 ಪೌಂಡ್, ಊಟ ಕೊಡುವ ಹೋಟೆಲಿನಲ್ಲಿದ್ದವರಿಗೆ 8.86 ಪೌಂಡ್ ಇತ್ತು. ವಸತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮೂರು ಕಂಪನಿಗಳಿಗೆ ಗುತ್ತಿಗೆ ಕೊಡಲಾಗಿದೆ: ವಾಯವ್ಯ ಇಂಗ್ಲೆಂಡ್, ಮಿಡ್‌ಲ್ಯಾಂಡ್ಸ್ ಮತ್ತು ಪೂರ್ವ ಭಾಗ ಸರ್ಕೋಗೆ, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್, ಈಶಾನ್ಯ ಇಂಗ್ಲೆಂಡ್ ಮತ್ತು ಯಾರ್ಕ್‌ಶೈರ್ ಮಿಯರ್ಸ್‌ಗೆ, ದಕ್ಷಿಣ ಇಂಗ್ಲೆಂಡ್ ಮತ್ತು ವೇಲ್ಸ್ ಕ್ಲಿಯರ್‌ಸ್ಪ್ರಿಂಗ್ಸ್‌ಗೆ. ಹತ್ತು ವರ್ಷಕ್ಕೆ 450 ಕೋಟಿ ಪೌಂಡ್ ಎಂದು ಅಂದಾಜಾಗಿದ್ದ ಈ ಗುತ್ತಿಗೆಗಳ ವೆಚ್ಚ 1,530 ಕೋಟಿಗೆ ಏರಲಿದೆ ಎಂದು ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2025ರ ಮೇ ತಿಂಗಳಲ್ಲಿ ವರದಿ ಮಾಡಿತು. ಸಿಟ್ಟು ಬರಬೇಕಾದ ಅಂಕಿಯೇ ಅದು. ಆದರೆ ಅದು ಕೇಂದ್ರದ ಅಂಕಿ, ನಮ್ಮ ಊರಿನ ಕೌನ್ಸಿಲಿನ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ಕೌನ್ಸಿಲಿನ ಪುಸ್ತಕದಲ್ಲಿ ಏನಿದೆ? ಮೊದಲನೆಯದಾಗಿ, ಜೊತೆಗೆ ಹಿರಿಯರಿಲ್ಲದೆ ಬಂದ ಮಕ್ಕಳು. 1989ರ ಮಕ್ಕಳ ಕಾಯ್ದೆಯ ಸೆಕ್ಷನ್ 20ರಂತೆ ನೋಡಿಕೊಳ್ಳುವವರಿಲ್ಲದ ಯಾವ ಮಗುವಿಗೇ ಆಗಲಿ ಸೂರು ಕೊಡುವುದು ಕೌನ್ಸಿಲಿನ ಕರ್ತವ್ಯ. ಮಗು ಯಾವ ದೇಶದಿಂದ ಬಂದಿದೆ ಎಂಬುದು ಅಲ್ಲಿ ಗಣನೆಗೆ ಬರುವುದಿಲ್ಲ. ಲೆಡ್ಜರುಗಳಲ್ಲಿ ಈ ಮಕ್ಕಳ ಬಾಬ್ತು ‘ಯುಎಎಸ್‌ಸಿ’ ಎಂಬ ನಾಲ್ಕಕ್ಷರದ ಹೆಸರಿನಲ್ಲಿ ಇರುತ್ತದೆ. ಎರಡನೆಯದು, ಅದೇ ಮಕ್ಕಳು ಹದಿನೆಂಟು ತುಂಬಿ ಹೊರಬಂದ ಮೇಲಿನ ಆರೈಕೆ. ಮೂರನೆಯದು, ಊರಿನಲ್ಲಿ ಹೋಮ್ ಆಫೀಸ್ ಹಾಸಿಗೆಗಳನ್ನು ತುಂಬಿದ್ದಕ್ಕೆ ಕೌನ್ಸಿಲ್‌ಗೆ ಸಿಗುವ ಅನುದಾನ, ಅಂದರೆ ವಸತಿ ಹಂಚಿಕೆಯ ಅನುದಾನ. 2022ರಲ್ಲಿ ಇದು ಶುರುವಾದಾಗ ಆಗಲೇ ಅಲ್ಲಿದ್ದ ಪ್ರತಿ ವ್ಯಕ್ತಿಗೆ 250 ಪೌಂಡ್, ಹೊಸದಾಗಿ ತುಂಬಿದ ಪ್ರತಿ ಹಾಸಿಗೆಗೆ 3,500 ಪೌಂಡ್. ನಾಲ್ಕನೆಯದು, ಆಶ್ರಯ ಸಿಕ್ಕ ಮೇಲೆ ಸರ್ಕಾರಿ ವಸತಿ ಬಿಟ್ಟು ಬೀದಿಗೆ ಬೀಳುವವರಿಗೆ ಮಾಡಬೇಕಾದ ವ್ಯವಸ್ಥೆ. ಇವುಗಳ ಜೊತೆಗೆ ವಕೀಲರ ಖರ್ಚು. 2025ರ ಆಗಸ್ಟ್‌ನಲ್ಲಿ ಎಪ್ಪಿಂಗ್ ಫಾರೆಸ್ಟ್ ಕೌನ್ಸಿಲ್ ಒಂದು ಹೋಟೆಲಿನ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅದೇ ತಿಂಗಳ ಕೊನೆಗೆ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹೋಟೆಲು ಬೇಡವೆಂದು ಕೋರ್ಟಿಗೆ ಹೋಗುವ ಖರ್ಚು ಮಾತ್ರ ಕೌನ್ಸಿಲಿನದೇ. ಹಾಗಾಗಿ ಅದಕ್ಕೂ ಕೋಷ್ಟಕದಲ್ಲಿ ಒಂದು ಸಾಲು ಬಿಟ್ಟೆ.

ಯಾವ ಕೌನ್ಸಿಲ್ ಎಂಬುದೂ ಮುಖ್ಯ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂದು ಎರಡು ಹಂತ ಇರುವ ಕಡೆ ಮಕ್ಕಳ ಹೊಣೆ ಕೌಂಟಿಯದು, ಮನೆಯಿಲ್ಲದವರ ಹೊಣೆ ಡಿಸ್ಟ್ರಿಕ್ಟ್‌ನದು. ಡಿಸ್ಟ್ರಿಕ್ಟ್‌ಗೆ ಮಕ್ಕಳ ಲೆಕ್ಕ ಕೇಳಿದರೆ ಮತ್ತೆ ಅದೇ ‘ನಮ್ಮಲ್ಲಿಲ್ಲ’. ದೊಡ್ಡ ನಗರಗಳಲ್ಲಿ ಎರಡೂ ಒಂದೇ ಸೂರಿನಡಿ ಇರುವುದರಿಂದ ಒಂದು ಪತ್ರ ಸಾಕು.

ಕೇಳದೆಯೇ ಸಿಗುವುದು

2015ರ ಪಾರದರ್ಶಕತೆ ಸಂಹಿತೆಯಂತೆ ಇಂಗ್ಲೆಂಡಿನ ಕೌನ್ಸಿಲ್‌ಗಳು 500 ಪೌಂಡ್‌ಗಿಂತ ಮೇಲಿನ ಪ್ರತಿ ಪಾವತಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಜಾಲತಾಣದ ಒಳಗೆಲ್ಲೋ ಸಿಎಸ್‌ವಿ ಕಡತಗಳಾಗಿ ಅವು ಇರುತ್ತವೆ. ಇಳಿಸಿಕೊಂಡು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ತೆರೆದೆ. ಒಂದು ಸಾಲು ಹೀಗಿರುತ್ತದೆ: ದಿನಾಂಕ, ಇಲಾಖೆ, ‘ಮಕ್ಕಳ ಸೇವೆ’, ಹಣ ಪಡೆದವರು, ಒಂದು ವಸತಿ ಸಂಸ್ಥೆಯ ಹೆಸರು, ಉದ್ದೇಶ, ‘ಯುಎಎಸ್‌ಸಿ ಬೆಂಬಲಿತ ವಸತಿ’, ಮೊತ್ತ. ಅದರ ಕೆಳಗಿನ ಸಾಲಿನಲ್ಲಿ ಪಡೆದವರ ಜಾಗದಲ್ಲಿ ‘ವೈಯಕ್ತಿಕ ಮಾಹಿತಿ, ಅಳಿಸಲಾಗಿದೆ’ ಎಂದಿರುತ್ತದೆ. ಅದು ಸಾಮಾನ್ಯವಾಗಿ ಮಗುವನ್ನು ಮನೆಯಲ್ಲಿಟ್ಟುಕೊಂಡ ಪೋಷಕ ಕುಟುಂಬಕ್ಕೆ ಹೋದ ಭತ್ಯೆ. ಅಳಿಸಿರುವುದು ಸರಿಯಾಗಿದೆ.

ಕಡತಗಳನ್ನು ಜೋಡಿಸುವುದೇ ದೊಡ್ಡ ಕೆಲಸವಾಯಿತು. ಒಂದು ತ್ರೈಮಾಸಿಕದಲ್ಲಿ ಕಾಲಂಗಳ ಹೆಸರು ಒಂದು ಬಗೆ, ಮುಂದಿನದರಲ್ಲಿ ಇನ್ನೊಂದು. ಒಂದೇ ಸಂಸ್ಥೆ ಒಮ್ಮೆ ‘ಲಿಮಿಟೆಡ್’ ಎಂದೂ ಒಮ್ಮೆ ಅದರ ಸಂಕ್ಷಿಪ್ತ ರೂಪದಲ್ಲೂ ಒಮ್ಮೆ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಖಾಲಿ ಜಾಗದೊಂದಿಗೂ ಬರುತ್ತದೆ. ಮೂರನ್ನೂ ಕ್ಯಾಲ್ಕ್ ಮೂರು ಸಂಸ್ಥೆಗಳೆಂದೇ ಎಣಿಸುತ್ತದೆ. ದಿನಾಂಕದಲ್ಲಿ ತಿಂಗಳು ಮೊದಲೋ ದಿನ ಮೊದಲೋ ಎಂದು ಪ್ರತಿ ಕಡತಕ್ಕೂ ಪರೀಕ್ಷಿಸಬೇಕು. ವಾಪಸು ಬಂದ ಮೊತ್ತವನ್ನು ಕೆಲವರು ಋಣ ಚಿಹ್ನೆಯಲ್ಲಿ, ಕೆಲವರು ಆವರಣದಲ್ಲಿ ಬರೆಯುತ್ತಾರೆ. ಆವರಣದ್ದನ್ನು ಕ್ಯಾಲ್ಕ್ ಅಕ್ಷರವೆಂದು ತಿಳಿದರೆ ಕೂಡಿಸುವುದೇ ಇಲ್ಲ, ಮೊತ್ತ ಸದ್ದಿಲ್ಲದೆ ಉಬ್ಬುತ್ತದೆ. ಹೆಸರುಗಳಿಗೆ ಪ್ರತ್ಯೇಕ ಹಾಳೆಯಲ್ಲಿ ‘ಬಂದ ರೂಪ, ಇಡುವ ರೂಪ’ ಎಂದು ಒಂದು ಪಟ್ಟಿ ಮಾಡಿಕೊಂಡು ಎಲ್ಲವನ್ನೂ ಅದರ ಮೂಲಕ ಹಾಯಿಸಿದೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲಷ್ಟೇ ಕೆಲಸ ಮಾಡಿದ್ದರಿಂದ, ಯಾವ ಅಂಕಿಯನ್ನು ಯಾರು ಪ್ರಶ್ನಿಸಿದರೂ ಅದು ಹುಟ್ಟಿದ ಸಾಲನ್ನು ತೆರೆದು ತೋರಿಸಬಲ್ಲೆ.

ಇಷ್ಟಾದರೂ ಈ ಕಡತಗಳಲ್ಲಿ ಎರಡು ಕಾಣುವುದಿಲ್ಲ. 500 ಪೌಂಡ್‌ಗಿಂತ ಕಡಿಮೆಯ ಬಿಲ್ಲುಗಳು, ಅಂದರೆ ದುಭಾಷಿಗಳ ಬಾಬ್ತಿನ ಬಹುಪಾಲು. ಮತ್ತು ಒಳಬಂದ ಅನುದಾನ. ಪತ್ರ ಬರೆಯಬೇಕಾದದ್ದು ಅವಕ್ಕಾಗಿ.

ಪತ್ರ

2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2005ರ ಜನವರಿ 1ರಿಂದ ಜಾರಿಯಲ್ಲಿದೆ. ನಮ್ಮ ದೇಶದ ಮಾಹಿತಿ ಹಕ್ಕು ಕಾಯ್ದೆ ಬಂದದ್ದೂ 2005ರಲ್ಲೇ. ಊರಲ್ಲಿ ಅರ್ಜಿ ಹಾಕಿದ ಅಭ್ಯಾಸವಿರುವವರಿಗೆ ಕೆಲವು ವ್ಯತ್ಯಾಸ ಹೇಳಿಬಿಡುತ್ತೇನೆ. ಇಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಲ್ಲ, ಶುಲ್ಕವೇ ಇಲ್ಲ, ಇಮೇಲ್ ಸಾಕು. ಗಡುವು ಮೂವತ್ತು ದಿನವಲ್ಲ, ಇಪ್ಪತ್ತು ಕೆಲಸದ ದಿನ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಎಂಬ ಮಿತಿ ಇಲ್ಲ. ನಮ್ಮ ಕಾಯ್ದೆ ಪ್ರಜೆಗಳಿಗೆ ಮಾತ್ರ. ಇಲ್ಲಿನದು ಯಾರಿಗಾದರೂ, ಎಲ್ಲಿಂದಾದರೂ. ಧಾರವಾಡದಲ್ಲಿ ಕುಳಿತವರೂ ಲೀಡ್ಸ್ ಕೌನ್ಸಿಲ್‌ಗೆ ಪ್ರಶ್ನೆ ಕಳಿಸಬಹುದು. ಏಕೆ ಬೇಕು ಎಂದು ಹೇಳಬೇಕಿಲ್ಲ. ನಿಜವಾದ ಹೆಸರು ಮಾತ್ರ ಇರಬೇಕು. ತಂದೆಯ ಅಥವಾ ಊರಿನ ಹೆಸರನ್ನು ಇನಿಷಿಯಲ್ ಆಗಿ ಇಟ್ಟುಕೊಂಡಿರುವ ನಮ್ಮವರು ಅದನ್ನು ಬಿಡಿಸಿ ಬರೆಯುವುದು ಒಳ್ಳೆಯದು. ಒಂಟಿ ಹೆಸರು ಕಂಡರೆ ಪೂರ್ಣ ಹೆಸರು ಕೊಡಿ ಎಂಬ ಪತ್ರ ಬಂದು ವಾರ ಕಳೆಯುತ್ತದೆ.

‘ಆಶ್ರಯಾರ್ಥಿಗಳ ಮೇಲೆ ಎಷ್ಟು ಖರ್ಚು ಮಾಡಿದಿರಿ?’ ಎಂಬ ಪ್ರಶ್ನೆಗೆ ಯಾವ ಕೌನ್ಸಿಲಿನಲ್ಲೂ ಸಿದ್ಧ ಉತ್ತರವಿಲ್ಲ. ಆ ಹೆಸರಿನ ಖಾತೆಯೇ ಇರುವುದಿಲ್ಲ. ಕಾಯ್ದೆ ಕೊಡಿಸುವುದು ದಾಖಲೆಯಲ್ಲಿ ಇರುವುದನ್ನು. ಅಧಿಕಾರಿ ನಮಗಾಗಿ ಹೊಸ ಲೆಕ್ಕ ಹಾಕಿಕೊಡಬೇಕಿಲ್ಲ, ಅಭಿಪ್ರಾಯ ಹೇಳಬೇಕಿಲ್ಲ. ಆದ್ದರಿಂದ ಮೊದಲು ಕೌನ್ಸಿಲ್ ತನ್ನ ಕೆಲಸಕ್ಕಾಗಿಯೇ ಇಟ್ಟುಕೊಂಡಿರುವ ದಾಖಲೆ ಯಾವುದೆಂದು ಯೋಚಿಸಿದೆ. ಮಕ್ಕಳ ಅನುದಾನಕ್ಕಾಗಿ ಅವರು ಹೋಮ್ ಆಫೀಸಿಗೆ ಕ್ಲೇಮು ಸಲ್ಲಿಸಲೇಬೇಕು; ಅಲ್ಲಿ ಮಕ್ಕಳು ಆರೈಕೆಯಲ್ಲಿ ಕಳೆದ ರಾತ್ರಿಗಳ ಎಣಿಕೆಯೂ ಹಣವೂ ಇರುತ್ತದೆ. ಶಿಕ್ಷಣ ಇಲಾಖೆಗೆ ಸಲ್ಲಿಸುವ, ‘ಸೆಕ್ಷನ್ 251’ ಎಂದು ಕರೆಯುವ ವಾರ್ಷಿಕ ಲೆಕ್ಕದಲ್ಲಿ ಆಶ್ರಯಾರ್ಥಿ ಮಕ್ಕಳಿಗೆಂದೇ ಒಂದು ಸಾಲಿದೆ. ಈ ಎರಡಕ್ಕೂ ಹೊಂದುವಂತೆ ಪ್ರಶ್ನೆಯನ್ನು ಇಳಿಸಿದೆ. ಕನ್ನಡದಲ್ಲಿ ಹೇಳುವುದಾದರೆ ನನ್ನ ಪತ್ರ ಹೀಗಿತ್ತು:

‘2021-22, 2022-23 ಮತ್ತು 2023-24ರ ಪ್ರತಿ ವರ್ಷಕ್ಕೆ ಕೆಳಗಿನ ಮಾಹಿತಿ ಕೊಡಿ. ಒಂದು: ಜೊತೆಗೆ ಹಿರಿಯರಿಲ್ಲದ ಆಶ್ರಯಾರ್ಥಿ ಮಕ್ಕಳಿಗೆಂದು ಇಟ್ಟಿರುವ ಕಾಸ್ಟ್ ಸೆಂಟರುಗಳಲ್ಲಿ (ಖರ್ಚು ಬರೆಯುವ ಪ್ರತ್ಯೇಕ ಖಾತೆಗಳಲ್ಲಿ) ದಾಖಲಾದ ಒಟ್ಟು ಖರ್ಚು, ಖರ್ಚಿನ ಬಗೆಯ ಸಂಕೇತಗಳಂತೆ ವಿಂಗಡಿಸಿ. ಎರಡು: ಈ ಮಕ್ಕಳಿಗಾಗಿ ಹೋಮ್ ಆಫೀಸಿಗೆ ಕ್ಲೇಮು ಮಾಡಿದ ಒಟ್ಟು ರಾತ್ರಿಗಳು ಮತ್ತು ಆ ವರ್ಷದ ರಾತ್ರಿಗಳಿಗೆ ಸಂದ ಅನುದಾನ. ಮೂರು: ಹದಿನೆಂಟು ತುಂಬಿದ ಮೇಲೆ ಆರೈಕೆಯಲ್ಲಿರುವ, ಇದೇ ಹಿನ್ನೆಲೆಯ ಯುವಜನರಿಗೆ ಸಂಬಂಧಿಸಿ ಇದೇ ಎರಡು ಅಂಕಿಗಳು. ನಾಲ್ಕು: ಆಶ್ರಯಾರ್ಥಿಗಳ ವಸತಿ ಹಂಚಿಕೆಗೆಂದು ಬಂದ ಅನುದಾನ, ಅದರಲ್ಲಿ ಖರ್ಚಾದದ್ದು, ಮುಂದಿನ ವರ್ಷಕ್ಕೆ ಹೋದದ್ದು. ಯಾವ ವ್ಯಕ್ತಿಯ ಹೆಸರೂ, ವಿಳಾಸವೂ, ಹೋಟೆಲಿನ ಹೆಸರೂ ನನಗೆ ಬೇಡ. ಉತ್ತರವನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ಕೊಡಿ. ವೆಚ್ಚದ ಮಿತಿ ಮೀರುವಂತಿದ್ದರೆ ಸೆಕ್ಷನ್ 16ರಂತೆ ಯಾವ ಭಾಗವನ್ನು ಹೇಗೆ ಕಿರಿದು ಮಾಡಬೇಕೆಂದು ತಿಳಿಸಿ.’

‘ಹೋಟೆಲಿನ ಹೆಸರೂ ಬೇಡ’ ಎಂದು ಬೇಕೆಂದೇ ಬರೆದೆ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಹತ್ಯೆಯಾದಾಗ, ಕೊಂದವನು ಆಶ್ರಯಾರ್ಥಿ ಎಂಬ ಸುಳ್ಳು ಗಂಟೆಗಳಲ್ಲಿ ಹಬ್ಬಿತು. ಆಗಸ್ಟ್ 4ರಂದು ರಾದರಮ್ ಬಳಿಯ ಹೋಟೆಲಿಗೆ, ಒಳಗೆ ಜನರಿರುವಾಗಲೇ, ಬೆಂಕಿ ಹಚ್ಚುವ ಪ್ರಯತ್ನ ನಡೆಯಿತು. ಲೆಕ್ಕ ಕೇಳುವುದಕ್ಕೆ ವಿಳಾಸ ಬೇಕಿಲ್ಲ. ಕೇಳಿದರೆ ಕೌನ್ಸಿಲ್ ಜೀವಭಯಕ್ಕೆ ಸಂಬಂಧಿಸಿದ ಸೆಕ್ಷನ್ 38ರಡಿ ನಿರಾಕರಿಸುತ್ತದೆ. ನಾನು ಆ ಕುರ್ಚಿಯಲ್ಲಿದ್ದರೂ ನಿರಾಕರಿಸುತ್ತಿದ್ದೆ.

ಪತ್ರವನ್ನು ಮೈಸೊಸೈಟಿ ಸಂಸ್ಥೆ 2008ರಿಂದ ನಡೆಸುತ್ತಿರುವ ವಾಟ್‌ಡುದೇನೋ ತಾಣದ ಮೂಲಕ ಕಳಿಸಿದೆ. ಪ್ರಶ್ನೆ, ಉತ್ತರ ಎರಡೂ ಸಾರ್ವಜನಿಕವಾಗಿ ಉಳಿಯುತ್ತವೆ. ಮುಂದೆ ಇದನ್ನೇ ಹುಡುಕುವವರು ಮತ್ತೆ ಕೇಳಬೇಕಿಲ್ಲ.

ಬಂದ ಉತ್ತರಗಳು, ಮಾಡಿದ ರಿಪೇರಿ

ಹಲವು ಕೌನ್ಸಿಲ್‌ಗಳು ಗಡುವಿನೊಳಗೆ, ಕೇಳಿದ ರೂಪದಲ್ಲೇ ಕಳಿಸಿದವು. ಒಬ್ಬ ಅಧಿಕಾರಿ ಯಾವ ಸಂಕೇತದಲ್ಲಿ ಏನು ಸೇರಿದೆ ಎಂಬ ಟಿಪ್ಪಣಿಯನ್ನೂ ಸೇರಿಸಿದ್ದರು. ಅಂಥವರಿಗೆ ನಾನು ಮರೆಯದೆ ಧನ್ಯವಾದ ಬರೆದಿದ್ದೇನೆ; ಈ ವಿಭಾಗಗಳಲ್ಲಿ ಕೆಲಸ ಹೆಚ್ಚು, ಕೈ ಕಡಿಮೆ.

ಒಂದು ಕೌನ್ಸಿಲ್ ಸೆಕ್ಷನ್ 12 ಹೇಳಿತು, ಅಂದರೆ ಉತ್ತರಿಸಲು ವೆಚ್ಚದ ಮಿತಿ ಮೀರುತ್ತದೆ ಎಂದಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಕೌನ್ಸಿಲ್‌ಗಳಿಗೆ ವೆಚ್ಚದ ಮಿತಿ 450 ಪೌಂಡ್, ಗಂಟೆಗೆ 25 ಪೌಂಡಿನಂತೆ 18 ಗಂಟೆ. ಕೇಂದ್ರ ಇಲಾಖೆಗಳಿಗೆ 600 ಪೌಂಡ್, 24 ಗಂಟೆ. ಮಾಹಿತಿ ಇದೆಯೇ ಎಂದು ನೋಡುವುದು, ಹುಡುಕುವುದು, ಹೊರತೆಗೆಯುವುದು ಮಾತ್ರ ಈ ಗಂಟೆಗಳಲ್ಲಿ ಸೇರುತ್ತದೆ. ಹೆಸರುಗಳ ಮೇಲೆ ಕಪ್ಪು ಬಳಿಯುವ ಸಮಯ ಸೇರುವುದಿಲ್ಲ. ಒಂದು ಭಾಗ ಮಿತಿ ಮೀರಿದರೂ ಇಡೀ ಅರ್ಜಿಯನ್ನು ನಿರಾಕರಿಸಬಹುದು. ಅರ್ಜಿಯನ್ನು ತುಂಡು ಮಾಡಿ ಬೇರೆ ಬೇರೆಯಾಗಿ ಕಳಿಸಿದರೆ 60 ಕೆಲಸದ ದಿನಗಳೊಳಗೆ ಬಂದ ಒಂದೇ ಬಗೆಯ ಅರ್ಜಿಗಳನ್ನು ಕೂಡಿಸಿ ಎಣಿಸಬಹುದು. ಈ ಕೌನ್ಸಿಲ್ ಹೇಳಿದ ಕಾರಣ, ಮೂರನೆಯ ಪ್ರಶ್ನೆಗೆ ಪ್ರತಿ ಯುವಕನ ಫೈಲನ್ನೂ ತೆರೆಯಬೇಕು ಎಂಬುದು. ಲೆಕ್ಕ ಸುಳ್ಳಲ್ಲ: 200 ಫೈಲುಗಳಿಗೆ ಹತ್ತು ಹತ್ತು ನಿಮಿಷ ಎಂದರೂ 33 ಗಂಟೆ ದಾಟುತ್ತದೆ. ಆದರೆ ಫೈಲು ತೆರೆಯುವುದು ಬೇಕೇ ಇರಲಿಲ್ಲ, ಹೋಮ್ ಆಫೀಸಿಗೆ ಸಲ್ಲಿಸಿದ ಕ್ಲೇಮಿನಲ್ಲೇ ಆ ಮೊತ್ತವಿದೆ. ‘ಮೂರನೆಯ ಪ್ರಶ್ನೆಯಲ್ಲಿ ಕ್ಲೇಮಿನ ಒಟ್ಟು ಮೊತ್ತ ಮಾತ್ರ ಸಾಕು, ಖರ್ಚಿನ ವಿಂಗಡಣೆ ಬಿಡಿ’ ಎಂದು ತಿದ್ದಿ ಕಳಿಸಿದೆ. ಉತ್ತರ ಬಂತು.

ಮತ್ತೊಂದು ಕೌನ್ಸಿಲ್ ಸಂಸ್ಥೆವಾರು ದರ ಕೊಡಲಾರೆವು, ಸೆಕ್ಷನ್ 43ರ ವಾಣಿಜ್ಯ ಹಿತಾಸಕ್ತಿ ಎಂದಿತು. ನಾನು ದರವನ್ನು ಕೇಳಿಯೇ ಇರಲಿಲ್ಲ. ಪತ್ರದ ಮೊದಲ ಪ್ರಶ್ನೆಯನ್ನು ಹಾಗೆಯೇ ಉದ್ಧರಿಸಿ, ಬಗೆವಾರು ಒಟ್ಟು ಮೊತ್ತ ಸಾಕು ಎಂದು ಆಂತರಿಕ ಮರುಪರಿಶೀಲನೆ ಕೇಳಿದೆ. ಈ ಹಂತ ದಾಟದೆ ಮಾಹಿತಿ ಆಯುಕ್ತರ ಕಚೇರಿ ಸಾಮಾನ್ಯವಾಗಿ ದೂರು ತೆಗೆದುಕೊಳ್ಳುವುದಿಲ್ಲ. ಅಲ್ಲಿಯೂ ಆಗದಿದ್ದರೆ ಮುಂದಿನದು ನ್ಯಾಯಮಂಡಳಿ.

ಮಕ್ಕಳ ಸಂಖ್ಯೆ ಐದಕ್ಕಿಂತ ಕಡಿಮೆ ಇರುವ ಕಡೆ ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರುತ್ತದೆ. ಇದು ವೈಯಕ್ತಿಕ ಮಾಹಿತಿಯ ಸೆಕ್ಷನ್ 40. ಪಕ್ಕದ ಅಂಕಿಗಳಿಂದ ಕಳೆದು ಕೂಡಿ ಆ ಸಂಖ್ಯೆಯನ್ನು ಹೊರಗೆಳೆಯಲು ಕೆಲವೊಮ್ಮೆ ಸಾಧ್ಯವಿತ್ತು. ಅದನ್ನು ಮಾಡಲಿಲ್ಲ. ಸಣ್ಣ ಊರಿನಲ್ಲಿ ಇಬ್ಬರೇ ಎರಿಟ್ರಿಯದ ಹುಡುಗರಿದ್ದರೆ ಶಾಲೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಅವರ ಬಾಬ್ತಿನ ಖರ್ಚು ಇಷ್ಟು ಎಂದು ಯಾರೂ ಅವರ ಮುಖಕ್ಕೆ ಹೇಳುವಂತಾಗಬಾರದು. ಅಂಥ ಸಾಲುಗಳಲ್ಲಿ ರಾತ್ರಿಗಳ ಒಟ್ಟು ಮೊತ್ತವನ್ನು ಮೂರು ವರ್ಷಕ್ಕೆ ಸೇರಿಸಿ ಒಂದೇ ಅಂಕಿಯಾಗಿ ಇಟ್ಟಿದ್ದೇನೆ.

ಸ್ಪ್ರೆಡ್‌ಶೀಟ್ ಬಂದ ಕೂಡಲೇ ಮಾಡುವ ಮೊದಲ ಕೆಲಸ, ಬಚ್ಚಿಟ್ಟ ಹಾಳೆ ಇದೆಯೇ ಎಂದು ನೋಡುವುದು. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಇಂಥದೇ ಒಂದು ಮಾಹಿತಿ ಅರ್ಜಿಗೆ ಕಳಿಸಿದ ಕಡತದ ಮರೆಯ ಹಾಳೆಯಲ್ಲಿ ತಮ್ಮ ಸಿಬ್ಬಂದಿಯೆಲ್ಲರ ಉಪನಾಮ, ಹುದ್ದೆ, ಕೆಲಸದ ಜಾಗ ಉಳಿದು ಹೊರಬಿದ್ದಿತ್ತು. ಮಕ್ಕಳ ವಿಷಯದಲ್ಲಿ ಹಾಗಾಗಬಾರದು. ಯಾರದೇ ಹೆಸರು ಕಂಡರೆ ಆ ಕ್ಷಣವೇ ಕೌನ್ಸಿಲ್‌ಗೂ ತಾಣಕ್ಕೂ ತಿಳಿಸಿ, ಕಡತ ಅಳಿಸಬೇಕು.

ಕೋಷ್ಟಕ ಕೂಡಿಸುವುದು

ಉತ್ತರಗಳು ಕೈಸೇರಿದರೂ ಅವನ್ನು ಹಾಗೆಯೇ ಪಕ್ಕಪಕ್ಕ ಇಡುವಂತಿಲ್ಲ. ಒಂದು ಕೌನ್ಸಿಲ್ ಸಮಾಜ ಕಾರ್ಯಕರ್ತರ ಸಂಬಳವನ್ನು ಈ ಲೆಕ್ಕಕ್ಕೆ ಹಂಚಿ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಆದ್ದರಿಂದ ವಸತಿ ಮತ್ತು ಪೋಷಣೆಯ ನೇರ ಖರ್ಚಿಗೆ ಒಂದು ಕಾಲಂ, ಸಿಬ್ಬಂದಿ, ವಯಸ್ಸು ನಿರ್ಧಾರ, ಕಾನೂನು, ದುಭಾಷಿಗೆ ಇನ್ನೊಂದು ಕಾಲಂ ಮಾಡಿದೆ. ಹೋಲಿಸುವುದು ಮೊದಲ ಕಾಲಮನ್ನು ಮಾತ್ರ. ಮಾರ್ಚ್ ತಿಂಗಳ ರಾತ್ರಿಗಳ ಅನುದಾನ ಏಪ್ರಿಲ್ ದಾಟಿ ಬರುವುದರಿಂದ, ‘ಆ ವರ್ಷ ಬ್ಯಾಂಕಿಗೆ ಬಂದ ಹಣ’ ಎಂದು ಕೊಟ್ಟ ಕೌನ್ಸಿಲಿನ ಅಂಕಿಯೂ ‘ಆ ವರ್ಷದ ರಾತ್ರಿಗಳಿಗೆ ಸಂದ ಹಣ’ ಎಂದು ಕೊಟ್ಟದ್ದೂ ಒಂದಾಗುವುದಿಲ್ಲ. ಮೊದಲಿನವರಿಗೆ ಮತ್ತೆ ಬರೆದು ಎರಡನೆಯ ರೂಪ ತರಿಸಿಕೊಂಡೆ. ಬಂದ ಒಟ್ಟು ಮೊತ್ತವನ್ನು ಸೆಕ್ಷನ್ 251ರ ಪ್ರಕಟಿತ ಸಾಲಿನ ಪಕ್ಕ ಇಟ್ಟು ನೋಡಿ, ಬಹಳ ಅಂತರವಿದ್ದ ಕಡೆ ‘ಏಕೆ ವ್ಯತ್ಯಾಸ?’ ಎಂದು ಕೇಳದೆ ‘ಆ ಸಾಲನ್ನು ತುಂಬಲು ಬಳಸಿದ ಕೆಲಸದ ಹಾಳೆ ಕೊಡಿ’ ಎಂದು ಕೇಳಿದೆ. ವಿವರಣೆ ಕೊಡುವ ಕಡ್ಡಾಯವಿಲ್ಲ; ಹಾಳೆ ಇದ್ದರೆ ಕೊಡಲೇಬೇಕು.

ಬೇರೆ ಯೋಜನೆಗಳ ಹಣ ಇದರೊಳಗೆ ನುಸುಳದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಉಕ್ರೇನಿನವರಿಗಾಗಿ ಕೌನ್ಸಿಲ್‌ಗಳಿಗೆ ತಲಾ 10,500 ಪೌಂಡ್ ಬರುತ್ತಿತ್ತು, 2023ರ ಜನವರಿಯಿಂದ ಬಂದವರಿಗೆ 5,900. ಅಫ್ಘಾನಿಸ್ತಾನದಿಂದ ಸರ್ಕಾರವೇ ಕರೆತಂದವರಿಗೆ ಮೂರು ವರ್ಷಕ್ಕೆ ತಲಾ 20,520. ಇವರು ಯಾರೂ ಕಾನೂನಿನ ಪ್ರಕಾರ ಆಶ್ರಯ ಕೋರಿ ಕಾಯುತ್ತಿರುವವರಲ್ಲ. ಆದರೆ ಕೆಲವು ಕೌನ್ಸಿಲ್‌ಗಳು ಎಲ್ಲವನ್ನೂ ‘ವಲಸೆ’ ಎಂಬ ಒಂದೇ ತಲೆಬರಹದಡಿ ಕೊಡುತ್ತವೆ. ಪತ್ರಿಕೆಗಳು ಅದೇ ಮೊತ್ತವನ್ನು ಎತ್ತಿಕೊಳ್ಳುತ್ತವೆ. ಆ ಮೊತ್ತವನ್ನು ಬಿಡಿಸದೆ ಬಳಸಲಾಗದು.

ಎಲ್ಲ ಸೇರಿಸಿದ ಮೇಲೆ ಕಣ್ಣಿಗೆ ಹೊಡೆದದ್ದು ಹದಿನೆಂಟನೆಯ ಹುಟ್ಟುಹಬ್ಬ. ಈ ಮೂರು ವರ್ಷಗಳಲ್ಲಿ ಮಗುವೊಂದಕ್ಕೆ ಹೋಮ್ ಆಫೀಸ್ ಕೊಟ್ಟದ್ದು, ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವ ಕೌನ್ಸಿಲ್‌ಗೆ ರಾತ್ರಿಗೆ 143 ಪೌಂಡ್, ಉಳಿದವಕ್ಕೆ 114. ಅಂದರೆ ವಾರಕ್ಕೆ 1,001 ಅಥವಾ 798. ಹದಿನೆಂಟು ತುಂಬಿದ ಮರುದಿನದಿಂದ ವಾರಕ್ಕೆ 270. ಹುಡುಗ ಅದೇ ಕೋಣೆಯಲ್ಲಿರುತ್ತಾನೆ, ಅದೇ ಕಾಲೇಜಿಗೆ ಹೋಗುತ್ತಾನೆ, ಅವನ ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿರುವುದಿಲ್ಲ; ಅನುದಾನ ಮಾತ್ರ ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲು ಪಾಲಿನಷ್ಟು ಬೀಳುತ್ತದೆ. ನಾನು ಕೇಳಿದ ಕೌನ್ಸಿಲ್‌ಗಳಲ್ಲಿ ಚಿಕ್ಕ ಮಕ್ಕಳ ಸಾಲು ಅನುದಾನದ ಹತ್ತಿರ ಹತ್ತಿರವೇ ನಿಲ್ಲುತ್ತದೆ, ಹದಿನೆಂಟು ದಾಟಿದವರ ಸಾಲಿನಲ್ಲಿ ಕೌನ್ಸಿಲ್ ಕೈಯಿಂದ ಹಾಕುತ್ತಿದೆ. ಕೌನ್ಸಿಲ್ ತೆರಿಗೆ ನಿಜವಾಗಿ ಎಲ್ಲಿ ಹೋಗುತ್ತಿದೆ ಎಂದು ಕೇಳುವವರಿಗೆ ತೋರಿಸಬೇಕಾದ ಜಾಗ ಇದು. ಇದು ಆ ಹುಡುಗನ ತಪ್ಪಲ್ಲ. ದರ ನಿಗದಿ ಮಾಡಿದವರನ್ನು ಕೇಳಬೇಕಾದ ಪ್ರಶ್ನೆ.

ಕೊರತೆ ಬಂದಾಗ ಏನಾಗುತ್ತದೆ ಎಂಬುದನ್ನು ಕೆಂಟ್ ಕೌಂಟಿ ತೋರಿಸಿದೆ. ಕಡಲ ದಾರಿಯಲ್ಲಿ ಬಂದ ಬಹುಪಾಲು ಮಕ್ಕಳು ಮೊದಲು ಇಳಿಯುವುದು ಅಲ್ಲಿ. 2021ರ ಜೂನ್‌ನಲ್ಲಿ ಕೌಂಟಿ ತನ್ನಿಂದ ಇನ್ನಾಗದು ಎಂದಿತು. ಹೋಮ್ ಆಫೀಸ್ ಮಕ್ಕಳನ್ನು ಹೋಟೆಲುಗಳಲ್ಲಿ ಇರಿಸಿತು. ಅದು ರೂಢಿಯಾಗಿ ನಡೆಯುತ್ತಿದ್ದುದು ಕಾನೂನುಬಾಹಿರ ಎಂದು 2023ರ ಜುಲೈನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಎಲ್ಲ ಕೌನ್ಸಿಲ್‌ಗಳೂ ಮಕ್ಕಳನ್ನು ಹಂಚಿಕೊಳ್ಳುವ ರಾಷ್ಟ್ರೀಯ ವರ್ಗಾವಣೆ ಯೋಜನೆ 2021ರ ಕೊನೆಗೆ ಕಡ್ಡಾಯವಾದದ್ದರಿಂದಲೇ ನಮ್ಮಂಥ ಒಳನಾಡಿನ ಕೌಂಟಿಯ ಲೆಕ್ಕದಲ್ಲೂ ಈ ಸಾಲು ಬೆಳೆದಿದೆ.

ಬಿಲ್ಲನ್ನೇ ನೋಡುವ ಮೂವತ್ತು ದಿನ

ಇದು ಹೆಚ್ಚು ಜನರಿಗೆ ಗೊತ್ತಿಲ್ಲ. 2014ರ ಸ್ಥಳೀಯ ಲೆಕ್ಕ ಪರಿಶೋಧನಾ ಕಾಯ್ದೆಯ ಸೆಕ್ಷನ್ 26ರಂತೆ ಪ್ರತಿ ವರ್ಷ 30 ಕೆಲಸದ ದಿನ ಕೌನ್ಸಿಲಿನ ಲೆಕ್ಕಪುಸ್ತಕ, ಗುತ್ತಿಗೆ, ಬಿಲ್ಲು, ವೋಚರುಗಳನ್ನು ಆಸಕ್ತರು ನೋಡಬಹುದು, ಪ್ರತಿ ಪಡೆಯಬಹುದು. ಇಲ್ಲಿ 18 ಗಂಟೆಯ ಮಿತಿ ಇಲ್ಲ. ಸ್ಥಳೀಯ ಮತದಾರರು ಲೆಕ್ಕ ಪರಿಶೋಧಕರಿಗೆ ನೇರವಾಗಿ ಪ್ರಶ್ನೆ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಮ್ಮವರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತದಾರರ ಪಟ್ಟಿಗೆ ಸೇರಬಹುದು. ಸೇರಿದವರಿಗೆಲ್ಲ ಈ ಹಕ್ಕಿದೆ.

ಸಮಯ ಗೊತ್ತುಮಾಡಿಕೊಂಡು ಹೋದೆ. ನೋಡಬೇಕೆಂದಿದ್ದದ್ದು 500 ಪೌಂಡ್‌ಗಿಂತ ಕೆಳಗಿನ ದುಭಾಷಿ ಬಿಲ್ಲುಗಳು. ಒಂದು ಬಿಲ್ಲಿನಲ್ಲಿ ಭಾಷೆ ಟಿಗ್ರಿನ್ಯಾ, ಕೆಲಸ ದಂತವೈದ್ಯರ ಭೇಟಿ, ನಡೆದದ್ದು ಅರ್ಧ ಗಂಟೆಗೂ ಕಡಿಮೆ, ದರ ಕನಿಷ್ಠ ಒಂದು ಗಂಟೆಯದು, ಅದರ ಮೇಲೆ ಪ್ರಯಾಣ ವೆಚ್ಚ. ಮಗುವಿನ ಹೆಸರಿನ ಮೇಲೆ ಕಪ್ಪು ಪಟ್ಟಿ. ಅದರ ಹಿಂದಿನದು ಸೊರಾನಿ ಕುರ್ದಿಶ್, ಮುಂದಿನದು ಪಶ್ತೊ. ಕನಿಷ್ಠ ಒಂದು ಗಂಟೆಯ ಷರತ್ತು ಪ್ರತಿ ಬಿಲ್ಲಿನಲ್ಲೂ ಇತ್ತು. ಫೋನಿನಲ್ಲಿ ಆಗುವ ಭೇಟಿಗಳಿಗೆ ನಿಮಿಷದ ಲೆಕ್ಕದ ದರ ಗೊತ್ತುಪಡಿಸಿದರೆ ಉಳಿತಾಯವಾಗುತ್ತದೆ ಎಂದು ನಮ್ಮ ವಾರ್ಡಿನ ಕೌನ್ಸಿಲರಿಗೆ ಆಧಾರ ಸಮೇತ ಬರೆದಿದ್ದೇನೆ. ದಂತವೈದ್ಯರ ಬಳಿ ಮಾತ್ರ ಮನುಷ್ಯರೇ ಪಕ್ಕದಲ್ಲಿರಬೇಕು ಎಂದೂ ಸೇರಿಸಿದ್ದೇನೆ.

ಇದನ್ನು ಸ್ಕಾಟ್ಲೆಂಡಿನಲ್ಲಿ, ಮುಖ್ಯವಾಗಿ ಆಶ್ರಯಾರ್ಥಿಗಳು ಬಹುಕಾಲದಿಂದ ಇರುವ ಗ್ಲಾಸ್ಗೋದಲ್ಲಿ ಮಾಡಿ ನೋಡುವವರು ಅಲ್ಲಿನದೇ 2002ರ ಕಾಯ್ದೆಯನ್ನು ಉಲ್ಲೇಖಿಸಬೇಕು; ಆಯುಕ್ತರೂ ಬೇರೆ, ವೆಚ್ಚದ ಲೆಕ್ಕವೂ ಬೇರೆ.

ಕೋಷ್ಟಕದಲ್ಲಿ ಇನ್ನೂ ತುಂಬದೆ ಇರುವುದು ನಾಲ್ಕನೆಯ ಪ್ರಶ್ನೆಯ ಸಾಲು. ವಸತಿ ಹಂಚಿಕೆಯ ಅನುದಾನ ಬಂದದ್ದನ್ನು ಎಲ್ಲರೂ ಹೇಳಿದ್ದಾರೆ, ಅದು ಹೋದ ಕಡೆಯನ್ನು ಕೆಲವರಷ್ಟೇ ಹೇಳಿದ್ದಾರೆ. ಉಳಿದವರಿಗೆ ಹೊಸ ಪತ್ರ ಸಿದ್ಧವಾಗಿದೆ. ಅದರಲ್ಲಿ ಖರ್ಚನ್ನು ಕೇಳುತ್ತಿಲ್ಲ. ಆ ಹಣವನ್ನು ಯಾವ ಮೀಸಲು ನಿಧಿಗೆ ಹಾಕಲಾಯಿತು, ವರ್ಷದ ಆರಂಭಕ್ಕೂ ಕೊನೆಗೂ ಆ ನಿಧಿಯಲ್ಲಿ ಎಷ್ಟಿತ್ತು, ಅದನ್ನು ತೆಗೆಯಲು ಅನುಮತಿ ಕೊಟ್ಟ ಆದೇಶದ ಪ್ರತಿ ಎಲ್ಲಿ ಎಂಬ ಮೂರನ್ನು ಮಾತ್ರ ಕೇಳುತ್ತಿದ್ದೇನೆ. ಹಿಂದಿನ ಅರ್ಜಿಗೆ 60 ಕೆಲಸದ ದಿನ ತುಂಬಿದ ಮೇಲೆ ಕಳಿಸುತ್ತೇನೆ.